ಅಜ್ಜಿಯ ದೀಪವನ್ನು ಎಡಗೈಗೆ ಮರಳಿಸಿದವಳು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಚೌಕದ ದೊಡ್ಡ ಹೋರ್ಡಿಂಗಿನ ಮೇಲೆ, ನಾಯಕರ ಹುಬ್ಬಿನ ಪಕ್ಕದಲ್ಲಿ ಹೆಂಗಸೊಬ್ಬಳು ನೇತಾಡುತ್ತಿದ್ದಾಳೆ. ಸೊಂಟಕ್ಕೆ ಅಗಲವಾದ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಕೆಳಗೆ ನಿಂತ ಗಂಡನ ಮುಷ್ಟಿಯಲ್ಲಿ. ಬಲಗೈಯಲ್ಲಿ ಕಬ್ಬಿಣದ ಪಟ್ಟಿ ಹಿಡಿದು, ಎಡಗೈಯ ಚಾಕುವಿನಿಂದ ಫ್ಲೆಕ್ಸು ಬಿಗಿದ ದಾರಗಳನ್ನು ಒಂದೊಂದಾಗಿ ಕೊಯ್ಯುತ್ತಾಳೆ. ದಾರ ಕಡಿದಷ್ಟೂ ನಾಯಕರ ಹಣೆ ಮುಂದಕ್ಕೆ ಬಾಗುತ್ತದೆ. ಚುನಾವಣೆಗೆ ಮೊದಲು ಅವರು ಬಾಗಿದ್ದನ್ನು ಊರು ಸಾಕಷ್ಟು ನೋಡಿದೆ. ಮುಗಿದ ಮೇಲೆ ಬಾಗುತ್ತಿರುವುದು ಇದೇ ಮೊದಲು.

"ಹುಬ್ಬು ಬಿಡ್ತಾ?" ಕೆಳಗಿನಿಂದ ಗಂಡ ಕೇಳುತ್ತಾನೆ.

"ಬಿಡ್ತು. ಮೂಗು ತುಕ್ಕಿಗೆ ಕಚ್ಕೊಂಡಿದೆ."

"ಅವರ ಮೂಗು ಯಾವಾಗ್ಲೂ ಸ್ವಲ್ಪ ಮೇಲೇ. ಹುಷಾರು."

ಮೇಲಿನಿಂದ ನಗು ಉದುರುತ್ತದೆ. ಊರು ಇವಳನ್ನು ಕರೆಯುವುದು ಎಡಚಕ್ಕ ಎಂದು. ಎಡಗೈಯವಳು ಎಂದು ಚಿಕ್ಕಂದಿನಲ್ಲಿ ಆಡಿಕೊಂಡವರು ಇಟ್ಟ ಹೆಸರು. ಬೈಗುಳವಾಗಿ ಬಂದದ್ದಕ್ಕೆ ಇವಳೇ 'ಅಕ್ಕ' ಸೇರಿಸಿಕೊಂಡು ಗೌರವ ಕೊಟ್ಟಳು. ಹೋರ್ಡಿಂಗ್ ಕಟ್ಟುವುದು, ಇಳಿಸುವುದು, ಅದರಲ್ಲಿ ತಪ್ಪಿದ್ದರೆ ಮೇಲೇ ನೇತಾಡುತ್ತಾ ತೇಪೆ ಹಾಕುವುದು ಇವಳ ಕಸುಬು. ಈ ಊರಿನಲ್ಲಿ ನಾಯಕರ ಮೂಗಿನ ಮೇಲೆ ನೊಣ ಕೂತರೂ ಸುದ್ದಿ ಮಾಡುವವರಿದ್ದಾರೆ. ಆ ಮೂಗನ್ನು ಅಷ್ಟೆತ್ತರಕ್ಕೆ ಏರಿಸಿದವಳು ಯಾರು ಎಂದು ಕೇಳಿದವನು ಒಬ್ಬನಿಲ್ಲ. ಕೇಳುವುದಕ್ಕೆ ಕತ್ತು ಎತ್ತಬೇಕಲ್ಲ, ಅದೇ ಕಷ್ಟ.

ಮೊದಲು ಮೇಲೆ ಹತ್ತುತ್ತಿದ್ದವನು ಗಂಡ, ಕೆಳಗೆ ಹಗ್ಗ ಹಿಡಿಯುತ್ತಿದ್ದವಳು ಇವಳು. ಅವನು ಯಾವ ಹೋರ್ಡಿಂಗಿನಿಂದಲೂ ಬೀಳಲಿಲ್ಲ. ಬಿದ್ದದ್ದು ಮನೆಯ ಬಚ್ಚಲಿನಲ್ಲಿ. ಸೊಂಟದ ಮೂಳೆ ಮುರಿಯಿತು. "ಅಷ್ಟೆತ್ತರದಲ್ಲಿ ಗಾಳಿಗೆ ಹೆದರದವರು ಸೋಪಿನ ನೊರೆಗೆ ಬಿದ್ರು. ಯಾರಿಗೆ ಹೇಳೋದು ಇದನ್ನ? ನೆಂಟರಿಗೆಲ್ಲ ಹೋರ್ಡಿಂಗ್ ಮೇಲಿಂದಾನೇ ಬಿದ್ರು ಅಂತ ಹೇಳಿದೀವಿ" ಎಂದು ಎಡಚಕ್ಕ ಗಂಡನ ಎದುರಿಗೇ ಹೇಳುತ್ತಾಳೆ. ಅವನು ಕುಂಟುತ್ತಾ ಎದ್ದ ದಿನ ಕೆಲಸ ನಿಲ್ಲಿಸುವ ಮಾತೇ ಬರಲಿಲ್ಲ. ಇಬ್ಬರೂ ಹಗ್ಗದ ತುದಿ ಅದಲುಬದಲು ಮಾಡಿಕೊಂಡರು, ಅಷ್ಟೇ.

"ಒಂದೇ ತೊಂದರೆ," ಎನ್ನುತ್ತಾನೆ ಗಂಡ. "ಇವಳು ಹಾಕಿದ ಗಂಟು ನನಗೆ ಬಿಚ್ಚೋಕೆ ಬರಲ್ಲ. ಎಲ್ಲಾ ಉಲ್ಟಾ ಸುತ್ತಿರ್ತಾಳೆ."

"ಅದಕ್ಕೇ ಇಷ್ಟು ವರ್ಷ ಬಿಚ್ಕೊಳ್ದೆ ಉಳಿದಿದೆ," ಎನ್ನುತ್ತಾಳೆ ಹೆಂಡತಿ.

ಕೆಲಸ ಶುರುವಾಗುವುದು ಮನೆಯ ಬಾಗಿಲಲ್ಲಿ. ಎದುರುಮನೆಯ ತಾರಸಿಯಲ್ಲಿ ಒಂದು ಬಟ್ಟೆಯ ಹಗ್ಗವಿದೆ. ಅದರಲ್ಲಿ ರಾತ್ರಿಯೆಲ್ಲ ಒಣಗುವ ಅಂಗಿಯ ತೋಳನ್ನು ಗಾಳಿ ತಿಳಿಯಲು ಎಡಚಕ್ಕ ನೋಡುತ್ತಾಳೆ. ತೋಳು ಸುಮ್ಮನೆ ಜೋತಿದ್ದರೆ ಹತ್ತಬಹುದು. ತೋಳೆತ್ತಿ ಕರೆಯುವ ಹಾಗಿದ್ದರೆ ಬೇಗ ಹತ್ತಿ ಬೇಗ ಇಳಿಯಬೇಕು. ಅಂಗಿ ಹಗ್ಗಕ್ಕೇ ಸುತ್ತಿಕೊಂಡಿದ್ದರೆ ವಾಪಸ್ಸು ಹಾಸಿಗೆಗೆ. ಎದುರುಮನೆಯವರು ಒಂದು ದಿನ ಬಟ್ಟೆ ಒಗೆಯದಿದ್ದರೆ ಇವಳೇ ಹೋಗಿ ಬಾಗಿಲು ತಟ್ಟಿ ಗಂಡನ ಅಂಗಿಯೊಂದನ್ನು ನೇತುಹಾಕಿ ಬರುತ್ತಾಳೆ.

ಮನೆ ಒಂದೂವರೆ ಕೋಣೆಯದು. ಅರ್ಧ ಕೋಣೆ ಅತ್ತೆಯದು. ಮಂಚಗಳ ಕೆಳಗೆ, ಬೀರುವಿನ ಮೇಲೆ, ಬಾಗಿಲ ಹಿಂದೆ ಸುರುಳಿ ಸುತ್ತಿದ ಫ್ಲೆಕ್ಸುಗಳು. ಇಳಿಸಿದ ಫ್ಲೆಕ್ಸನ್ನು ಬೇರೆಯವರು ಸೂರಿಗೆ ಹೊದಿಸಲು ಮಾರಿಬಿಡುತ್ತಾರೆ. ಎಡಚಕ್ಕ ಕೆಲಸಕ್ಕೆ ಬರುವ ಬಣ್ಣಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾಳೆ. ಒಂದು ಮೂಟೆ ತುಂಬ ಆಕಾಶ: ಸೋಪಿನ ಜಾಹೀರಾತಿನ ತಿಳಿ ಆಕಾಶ, ವಿಮೆಯವರ ಮೋಡ ಕವಿದ ಆಕಾಶ, ಚುನಾವಣೆಯ ಸೂರ್ಯೋದಯ. ಇನ್ನೊಂದರಲ್ಲಿ ಕಲ್ಲು ಮತ್ತು ಗೋಡೆ. ಮತ್ತೊಂದರಲ್ಲಿ ಗಿಡಮರ. "ಬಿಳಿ ಬಟ್ಟೆಗೆ ಮಾತ್ರ ಬರ ಇಲ್ಲ," ಎನ್ನುತ್ತಾಳೆ. "ರಾಜಕೀಯದವರು ಇರೋವರೆಗೂ ಬಿಳಿ ಮುಗಿಯಲ್ಲ."

ತೇಪೆಗೆ ಕೆಲಸ ಕೊಡುವವರೂ ಅವರೇ. ಮತ ಕೇಳುವಾಗ ಎಲ್ಲರಿಗೂ ಬೆನ್ನ ಹಿಂದೆ ಒಂದು ದೇವರು ಬೇಕು, ಒಂದು ಸ್ಮಾರಕ ಬೇಕು. ಅಲ್ಲಿಗೆ ಹೋಗಿ ನಿಲ್ಲುವುದಕ್ಕೆ ಮಾತ್ರ ಪುರುಸೊತ್ತಿಲ್ಲ. ತಣ್ಣನೆಯ ಕೋಣೆಯಲ್ಲಿ ಯಾರೋ ಕೂತು ಕಂಪ್ಯೂಟರಿನಲ್ಲಿ ಅಂಟಿಸಿ ಕಳಿಸುತ್ತಾರೆ. ಒಮ್ಮೆ ಅಭ್ಯರ್ಥಿಯ ತಲೆ ಸರಿಯಾಗಿ ಪ್ರಾರ್ಥನಾ ಮಂದಿರದ ಗುಮ್ಮಟದ ಮುಂದೆ ಬಂದು, ಗುಮ್ಮಟವನ್ನೇ ಟೋಪಿಯಾಗಿ ಹಾಕಿಕೊಂಡ ಹಾಗೆ ಕಂಡಿತು. ಪ್ರಾರ್ಥನೆ ಮುಗಿಸಿ ಬಂದವರು ಅದನ್ನು ನೋಡಿ ಕೋಪ ಮಾಡಿಕೊಳ್ಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು. ಇನ್ನೊಬ್ಬರು ಭವ್ಯವಾದ ಹಳೆಯ ಹೆಬ್ಬಾಗಿಲ ಮುಂದೆ ಎದೆಯುಬ್ಬಿಸಿ 'ನಮ್ಮ ಊರು, ನಮ್ಮ ಹೆಮ್ಮೆ' ಎಂದು ನಿಂತರು. ಆ ಹೆಬ್ಬಾಗಿಲು ಬೇರೆ ದೇಶದ್ದು. "ಆ ಹೆಮ್ಮೆ ನೋಡೋಕೆ ಪಾಸ್‌ಪೋರ್ಟ್ ಬೇಕಿತ್ತು," ಎನ್ನುತ್ತಾಳೆ ಎಡಚಕ್ಕ. ಬಾಗಿಲು ಕಾಣದ ಹಾಗೆ ಅವಳೇ ಎರಡು ಮರ ನೆಟ್ಟಳು. ಮರಗಳು ಗೊಬ್ಬರದ ಜಾಹೀರಾತಿನವು, ಸೊಂಪಾಗಿದ್ದವು.

ಆದರೆ ಈ ಸಲ ಆದದ್ದು ಅಂಥ ನಗೆಯ ತಪ್ಪಲ್ಲ. ಅದು ದೀಪದಜ್ಜಿಯ ವಿಷಯ.

ದೀಪದಜ್ಜಿ ಊರಿನ ಬೆಟ್ಟದ ಮೇಲಿರುವ ಕಲ್ಲಿನ ವಿಗ್ರಹ. ಮಂಜು ಕವಿದ ದಿನಗಳಲ್ಲಿ ದಾರಿ ತಪ್ಪಿದವರನ್ನು ದೀಪ ಹಿಡಿದು ಮನೆ ಸೇರಿಸುತ್ತಿದ್ದ ಮುದುಕಿ ಎಂದು ಹಿರಿಯರು ಹೇಳುತ್ತಾರೆ. ಅವಳ ಎಡಗೈ ದೀಪವನ್ನು ಮೇಲೆತ್ತಿದೆ. ಬಲಗೈ ಕೆಳಕ್ಕೆ ಚಾಚಿದೆ, ಹತ್ತಿ ಬರುವವರು ಹಿಡಿದುಕೊಳ್ಳಲಿ ಎಂದು. ತಲೆಮಾರುಗಳಿಂದ ಜನ ಹಿಡಿದು ಹಿಡಿದು ಆ ಬಲಗೈಯ ಬೆರಳುಗಳು ನುಣುಪಾಗಿ ಸವೆದಿವೆ. ಬಲಗೈ ನಮಗೆ, ಎಡಗೈ ದೀಪಕ್ಕೆ ಎಂಬುದು ಇಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಎಡಚಕ್ಕನಿಗೆ ಆ ಎಡಗೈ ಬರೀ ಕಲ್ಲಲ್ಲ. ಮದುವೆಯಾಗಿ ಬಂದ ದಿನ ಅತ್ತೆಗೆ ಎಡಗೈಯಲ್ಲಿ ಬಡಿಸಿದ್ದಳು. ಅತ್ತೆ ತಟ್ಟೆ ಹಿಂದಕ್ಕೆಳೆದುಕೊಂಡರು. ಅಂದಿನಿಂದ ಊಟದ ಹೊತ್ತಿಗೆಲ್ಲ 'ಕೈ, ಕೈ' ಎಂಬ ಒಂದೇ ಮಾತು. ಬಲಗೈಯಲ್ಲಿ ಬಡಿಸಲು ಹೋಗಿ ಅವಳು ಚೆಲ್ಲದ ದಿನವಿಲ್ಲ. ಒಮ್ಮೆ ತಡೆಯಲಾರದೆ, "ದೀಪದಜ್ಜಿ ಎಡಗೈಲೇ ಹಿಡಿದಿಲ್ವಾ ಅತ್ತೆ?" ಎಂದು ಕೇಳಿಯೂ ಬಿಟ್ಟಳು. ಅತ್ತೆಯ ಉತ್ತರ ಸಿದ್ಧವಾಗಿತ್ತು: "ಅವಳು ಅಜ್ಜಿ, ನೀನು ಸೊಸೆ. ಅವಳು ಬಡಿಸಲ್ಲ, ನೀನು ಬಡಿಸ್ತೀಯ."

"ಆದ್ರೂ ನನ್ನ ಪರವಾಗಿ ಊರಲ್ಲಿ ಅಂತ ಇದ್ದವಳು ಅವಳೊಬ್ಬಳೇ," ಎನ್ನುತ್ತಾಳೆ ಎಡಚಕ್ಕ. ಅದಕ್ಕೇ ಹಳೆಯ ಜಾಹೀರಾತುಗಳಲ್ಲಿ ಅಜ್ಜಿಯಿದ್ದ ತುಂಡನ್ನು ಅವಳು ಯಾರಿಗೂ ಕೊಟ್ಟವಳಲ್ಲ. ಅಜ್ಜಿಯ ಮುಖದ ಮೇಲೆ ಮಳೆನೀರು ಸುರಿಯುವುದು ಅವಳಿಗಾಗದು. ಸುರುಳಿ ಸುತ್ತಿ ತನ್ನ ಮಂಚದ ಕೆಳಗೇ ಇಟ್ಟುಕೊಂಡಿದ್ದಾಳೆ.

ನಾಯಕರ ಚುನಾವಣಾ ಭಾಷಣದ ಹಿಂದಿನ ದಿನ ಬೆಳಿಗ್ಗೆ ಚೌಕದಲ್ಲಿ ಈ ಹೋರ್ಡಿಂಗನ್ನು ಕಟ್ಟಿದವರೂ ಈ ಗಂಡಹೆಂಡಿರೇ. ಮುಂದೆ ನಾಯಕರು, ಹಿಂದೆ ಬೆಟ್ಟ, ಬೆಟ್ಟದ ಮೇಲೆ ಅಜ್ಜಿ. ಮೇಲೆ ನೇತಾಡುವವರಿಗೆ ಚಿತ್ರ ಕಾಣುವುದಿಲ್ಲ. ಕಣ್ಣಿಗೆ ಒತ್ತಿಕೊಂಡಂತೆ ಬಣ್ಣ ಮಾತ್ರ. ಒಂದು ಕಿವಿ ಬಾಗಿಲಷ್ಟು, ಒಂದು ಬೆರಳು ದಿಂಬಿನಷ್ಟು. ಕಟ್ಟಿ ಮುಗಿಸಿ, ಬೆವರು ಒರೆಸಿಕೊಂಡು, ಎದುರಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಬುತ್ತಿ ಬಿಚ್ಚಿದರು. ಬುತ್ತಿ ತಂದವರು ಅತ್ತೆ. ಅವರು ಹೋರ್ಡಿಂಗ್ ನೋಡಿದರು, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು.

"ಏನೇ ಇದು, ಅಜ್ಜಿ ಕೈ ಬದಲಾಯಿಸಿದ್ದಾಳೆ?"

ಸೊಸೆಯ ಕೈಯನ್ನೇ ಒಂದು ಆಯುಷ್ಯವೆಲ್ಲ ಕಾದ ಕಣ್ಣು ಅದು. ಬೇರೆ ಯಾರಿಗೆ ಮೊದಲು ಕಾಣಬೇಕು?

ದೀಪ ಬಲಗೈಯಲ್ಲಿತ್ತು. ಊರು ಹಿಡಿಯುವ ಕೈ ಎಡಕ್ಕೆ ಹೋಗಿತ್ತು. ಹೋರ್ಡಿಂಗಿನ ನೆತ್ತಿಯ ಮೇಲಿಂದಲೇ ನಿಜವಾದ ಬೆಟ್ಟ, ನಿಜವಾದ ಅಜ್ಜಿ ಕಾಣುತ್ತಿದ್ದುದರಿಂದ ಸುಳ್ಳು ಹೇಳಿ ತಪ್ಪಿಸಿಕೊಳ್ಳಲೂ ದಾರಿಯಿರಲಿಲ್ಲ. ನಾಯಕರು ಬಲಕ್ಕೆ ನೋಡಿದರೆ ಗೆಲುವು, ಎಡಕ್ಕೆ ನೋಡಿದರೆ ಸೋಲು ಎಂದು ಯಾರೋ ಶಕುನ ಹೇಳಿದ್ದರಂತೆ. ಫೋಟೋದಲ್ಲಿ ಅವರು ಎಡಕ್ಕೆ ನೋಡುತ್ತಿದ್ದರು. ಸರಿ, ಇಡೀ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಮೇಲೆ ಅಕ್ಷರ ಬರೆದು ಕಳಿಸಿದ್ದರು. ನಾಯಕರ ಜೊತೆ ಬೆಟ್ಟವೂ ತಿರುಗಿತು, ಅಜ್ಜಿಯೂ ತಿರುಗಿದಳು. ನಾಯಕರ ಕೆನ್ನೆಯ ಮಚ್ಚೆ ಈ ಕಡೆಯಿಂದ ಆ ಕಡೆಗೆ ಹೋದದ್ದನ್ನು ಊರಿನಲ್ಲಿ ಒಬ್ಬರೂ ಗಮನಿಸಲಿಲ್ಲ. ಅಜ್ಜಿಯ ದೀಪ ಕೈ ಬದಲಾಯಿಸಿದ್ದು ಮಾತ್ರ ಮಧ್ಯಾಹ್ನದೊಳಗೆ ಮನೆಮನೆಗೂ ಮುಟ್ಟಿತು.

ಜನ ಸೇರಿದರು. ಪ್ರಚಾರದ ಉಸ್ತುವಾರಿ ಓಡಿ ಬಂದ. ಮೊದಲು ನಗಲು ನೋಡಿದ. "ಎಡ ಬಲ ಎಲ್ಲ ನಿಂತವರ ಮೇಲೆ ಹೋಗುತ್ತಮ್ಮ. ನೀವು ಆ ಕಡೆಯಿಂದ ನೋಡಿದ್ರೆ..."

"ನಾನು ಚಿಕ್ಕವಳಿದ್ದಾಗಿಂದ ಹಿಡಿದ ಕೈ ಅದು," ಎಂದರು ಅತ್ತೆ. "ಯಾವುದು ಅಂತ ನೀನು ನನಗೆ ಹೇಳ್ಕೊಡ್ತೀಯೇನಪ್ಪಾ?"

ಅವನು ಗಡಿಯಾರ ನೋಡಿಕೊಂಡ. ಹೊಸ ಫ್ಲೆಕ್ಸು ಬೇರೆ ಊರಿನಿಂದ ಅಚ್ಚಾಗಿ ಬರುವುದು ಭಾಷಣ ಮುಗಿದ ಮೇಲೆಯೇ. ಕಾರಿನಿಂದ ಒಂದು ಸುರುಳಿ ತರಿಸಿದ. ಪಕ್ಷದ ಗುರುತು ಅದು, ಆಳೆತ್ತರದ ಬೀಗದ ಕೈ. "ಇದನ್ನ ಮುದುಕಿ ಮೇಲೆ ಅಂಟಿಸಿಬಿಡು. ಕಾಣದಿದ್ರೆ ತಪ್ಪೂ ಇಲ್ಲ" ಎಂದು ಎಡಚಕ್ಕನಿಗೆ ಹೇಳಿದ.

ತಪ್ಪು ಮಾಡಿದವರು ಅವರು, ಅಳಿಸಿ ಹೋಗಬೇಕಾದವಳು ಅಜ್ಜಿ. ಇಂಥ ನ್ಯಾಯ ಇವರಿಗೆ ಎಷ್ಟು ಸಲೀಸಾಗಿ ಹೊಳೆಯುತ್ತದೆ ನೋಡಿ.

"ಅಜ್ಜಿ ಮೇಲೆ ನಾನು ಅಂಟಿಸಲ್ಲ," ಎಂದಳು ಎಡಚಕ್ಕ.

"ನೀನಲ್ಲದಿದ್ರೆ ಇನ್ನೊಬ್ಬ."

"ಭಾಷಣಕ್ಕೆ ಮುಂಚೆ ಅಜ್ಜಿ ಸರಿಯಾಗಿ ನಿಂತಿರ್ತಾಳೆ. ನಿಂತಿಲ್ಲ ಅಂದ್ರೆ ನಿಮ್ಮ ಬೀಗದ ಕೈನ ನಾನೇ ಅಂಟಿಸ್ತೀನಿ. ಅಂಟಿಸಿ ಈ ಚೌಕಕ್ಕೆ ಮತ್ತೆ ಕಾಲಿಡಲ್ಲ."

ಮಾತು ಆಡಿ ಆಗಿತ್ತು. ಸಂಜೆ ಮನೆಯಲ್ಲಿ ಮಂಚ ಎಳೆದು ಸುರುಳಿಗಳನ್ನು ಬಿಚ್ಚಿದರು. ನೆಲದ ತುಂಬ ಅಜ್ಜಿಯರು. ಟೂತ್‌ಪೇಸ್ಟಿನ ಅಜ್ಜಿಗೆ ಹೊಳೆಯುವ ಹಲ್ಲು ಹಚ್ಚಿದ್ದರು. ಫೋನಿನವರು ದೀಪದ ಜಾಗಕ್ಕೆ ಫೋನು ಕೊಟ್ಟಿದ್ದರು. ವಿಮೆಯ ಅಜ್ಜಿ ಕೊಡೆ ಹಿಡಿದಿದ್ದಳು. ಬ್ಯಾಂಕಿನವಳು ಸರಿಯಾಗಿದ್ದಳು, ಆದರೆ ಮಗುವಿನಷ್ಟು ಚಿಕ್ಕವಳು. ಕೊನೆಯ ಸುರುಳಿಯಲ್ಲಿ ಒಬ್ಬಳು ಸಿಕ್ಕಳು. ಇದೇ ಚೌಕ, ಇದೇ ಹೋರ್ಡಿಂಗ್, ಅದೇ ಅಳತೆ, ಎಡಗೈಯಲ್ಲಿ ದೀಪ. ಕಳೆದ ಚುನಾವಣೆಯದು.

ಗಂಡ ಬಗ್ಗಿ ನೋಡಿದ. ಅಜ್ಜಿಯ ಸೆರಗಿಗೆ ಅಂಟಿಕೊಂಡಂತೆ ಬೂದು ಕೋಟಿನ ಒಂದು ಮೊಣಕೈ ಇತ್ತು.

"ಏ, ಇದು ಎದುರು ಪಾರ್ಟಿದಲ್ವೇನೇ?"

"ಅಜ್ಜಿ ಯಾರ ಪಾರ್ಟಿನೂ ಅಲ್ಲ. ಮೊಣಕೈ ಮಾತ್ರ ಅವರದ್ದು."

"ಕತ್ತರಿಸಿ ತೆಗಿ."

"ಕತ್ತರಿಸಿದ್ರೆ ಅಜ್ಜಿ ಸೆರಗೂ ಹೋಗುತ್ತೆ ಕಣ್ರೀ. ಇರ್ಲಿ ಬಿಡಿ. ಬೂದು ಬಣ್ಣ ತಾನೇ, ಬೆಟ್ಟದಲ್ಲಿ ಕಲ್ಲಾಗಿ ಬಿದ್ಕೊಂಡಿರುತ್ತೆ."

ಮರುದಿನ ಬೆಳಕು ಮೂಡುವಾಗ ಎದುರುಮನೆಯ ಅಂಗಿ ತೋಳೆತ್ತಿ ಕರೆಯುತ್ತಿತ್ತು. ಗಾಳಿ ಏಳುವುದರೊಳಗೆ ಮುಗಿಸಬೇಕು. ಚೌಕದಲ್ಲಿ ಉಸ್ತುವಾರಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬೀಗದ ಕೈಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎಡಚಕ್ಕ ಸುರುಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದಳು. ತಿರುಗಿದ ಅಜ್ಜಿಯ ಮೇಲೆ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಅಂಟು ಬಳಿದಳು. ಹೊಸ ಅಜ್ಜಿಯನ್ನು ನೆತ್ತಿಯಿಂದ ಬಿಡಿಸುತ್ತಾ ಬಂದಳು. ಮೇಲಿನವಳಿಗೆ ಚಿತ್ರ ಕಾಣುವುದಿಲ್ಲವಲ್ಲ, ಕಟ್ಟೆಯ ಮೇಲೆ ನಿಂತ ಅತ್ತೆಯೇ ಅವಳ ಕಣ್ಣು.

"ಬಲಕ್ಕೆ, ಬಲಕ್ಕೆ... ನಿನ್ನ ಬಲ ಅಲ್ವೇ, ಅವಳ ಬಲ!"

"ಅವಳ ಬಲ ಅಂದ್ರೆ ನನ್ನ ಎಡ ತಾನೇ ಅತ್ತೆ?"

"ನಿನ್ನ ಎಡ ಯಾವುದು, ಬಲ ಯಾವುದು ಅಂತ ನನಗೆ ಯಾವತ್ತು ತಿಳಿದಿದೆ? ಸುಮ್ನೆ ಆ ಕಡೆ ಎಳಿ."

ಎಳೆದಳು. ಬೆಟ್ಟಕ್ಕೆ ಬೆಟ್ಟ ಕೂಡಿತು. ಮೂಟೆಯಿಂದ ತಂದ ಸೋಪಿನ ಆಕಾಶದಿಂದ ಸಂದುಗಳನ್ನು ಮುಚ್ಚಿದಳು. ಅಷ್ಟರಲ್ಲಿ ಪ್ರಾರ್ಥನಾ ಮಂದಿರದ ಗಂಟೆ ಹೊಡೆಯಿತು, ಬೀದಿಗಳಿಂದ ಜನ ಬರತೊಡಗಿದರು. ಗಾಳಿಯೂ ಅವರ ಜೊತೆಗೇ ಬಂತು. ಎಲ್ಲ ಅಂಟಿತ್ತು, ದೀಪದ ಮೂಲೆಯೊಂದು ಮಾತ್ರ ಹಸಿ. ಅದು ಎದ್ದು ಪಟಪಟ ಬಡಿಯಿತು. ಅಡಿಯಿಂದ ತಿರುಗಿದ ಚಿತ್ರ ಇಣುಕಿತು. ಒಂದು ಗಳಿಗೆ ಅಜ್ಜಿಯ ಎಡಗೈಯಲ್ಲಿ ದೀಪವೇ ಇಲ್ಲ. ಉಸ್ತುವಾರಿ ಸುರುಳಿ ಹಿಡಿದು ಎದ್ದು ನಿಂತ.

ಎಡಚಕ್ಕ ಪಟ್ಟಿಯಿಂದ ಪಟ್ಟಿಗೆ ದಾಟಿ ಆ ಮೂಲೆಯನ್ನು ಎಡಗೈಯ ಅಂಗೈಯಿಂದ ಒತ್ತಿ ಹಿಡಿದಳು. ಸೊಲ್ಯೂಷನ್ ಕಚ್ಚುವವರೆಗೂ ಬಿಡುವ ಹಾಗಿಲ್ಲ. ಕೆಳಗೆ ಗಂಡ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಆ ಮುರಿದ ಸೊಂಟಕ್ಕೇ, ಹಿಂದಕ್ಕೆ ವಾಲಿ ನಿಂತ. ಊರು ಕತ್ತೆತ್ತಿ ನೋಡಿತು. ಅಜ್ಜಿಯ ಎಡಗೈಯ ಮೇಲೆ ಇನ್ನೊಂದು ಎಡಗೈ. "ನನಗೆ ಭಯ ಆಗ್ಲಿಲ್ಲ," ಎನ್ನುತ್ತಾಳೆ ಅವಳು. "ಮೂಗು ತುರಿಸ್ತಿತ್ತು. ಅದೇ ದೊಡ್ಡ ಕಷ್ಟ."

ಕೈ ತೆಗೆದಾಗ ದೀಪ ಅಲುಗಲಿಲ್ಲ. ಮೊದಲು ಚಪ್ಪಾಳೆ ತಟ್ಟಿದ್ದು ಚೌಕದ ಮೂಲೆಯಲ್ಲಿ ಚಪ್ಪಲಿ ಹೊಲಿಯುವವನು. ಆಮೇಲೆ ಇಡೀ ಚೌಕ. ಆ ಹೊತ್ತಿಗೆ ಸರಿಯಾಗಿ ಕಾರಿನಿಂದಿಳಿದ ನಾಯಕರು ಅದು ತಮಗೇ ಎಂದುಕೊಂಡು ಕೈ ಮುಗಿದರು.

ಭಾಷಣ ಚೆನ್ನಾಗಿಯೇ ನಡೆಯಿತು. "ದೀಪದಜ್ಜಿ ನನ್ನ ಬೆನ್ನ ಹಿಂದೆ ಇದ್ದಾಳೆ" ಎಂದರು ನಾಯಕರು. "ಬೆನ್ನ ಹಿಂದೆ ಇರೋದಕ್ಕೇ ಯಾವ ಕೈ ಅಂತ ಕಂಡಿಲ್ಲ" ಎಂದರು ಅತ್ತೆ, ನಾಲ್ಕು ಜನಕ್ಕೆ ಕೇಳುವ ಹಾಗೆ. ನಾಯಕರು ಕೊನೆಗೆ ತೋಳು ಬೀಸಿ ಹಿಂದಿನ ಬೆಟ್ಟವನ್ನೇ ತೋರಿಸಿ ಗುಡುಗಿದರು: "ನನ್ನ ಎದುರಾಳಿ ಈ ಊರಿಗಾಗಿ ಒಂದೇ ಒಂದು ಕಲ್ಲನ್ನಾದರೂ ಇಟ್ಟಿದ್ದಾರೆಯೇ?" ಅವರು ತೋರಿಸಿದ ಕಡೆ ಎದುರಾಳಿಯ ಮೊಣಕೈ ಕಲ್ಲಾಗಿ ತಣ್ಣಗೆ ಕೂತಿತ್ತು. ಹೋರ್ಡಿಂಗಿನ ಕಂಬಕ್ಕೆ ಒರಗಿದ್ದ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಅಲ್ಲೇ ಬಿದ್ದು ಹೊರಳಾಡಬೇಕಿತ್ತು.

ಉಸ್ತುವಾರಿ ಹೋಗುವಾಗ ಒಂದು ಮಾತು ಹೇಳಿದ. ಥ್ಯಾಂಕ್ಸ್ ಅಲ್ಲ. "ಯಾರಿಗೂ ಹೇಳ್ಬೇಡ" ಎಂದ. ಅವನ ಮೇಲೆ ಉರಿದು ಬೀಳಬೇಕಾದವಳು ಸುಮ್ಮನೆ ತಲೆಯಾಡಿಸಿದಳು. "ತೇಪೆ ಕಂಡ್ರೆ ಅದು ತೇಪೆನೇ ಅಲ್ಲ. ನನ್ನ ಕೆಲಸ ಕಾಣಬಾರದು, ಅದೇ ನನ್ನ ಕೆಲಸ," ಎನ್ನುತ್ತಾಳೆ ಈಗ, ಇದನ್ನು ಬರೆಯಲು ಬಂದವರಿಗೆ. "ಮೊಣಕೈ ಕತೆ ಮಾತ್ರ ಎಲೆಕ್ಷನ್ ಮುಗಿಯೋವರೆಗೂ ಹೊಟ್ಟೆಲಿ ಇಟ್ಕೊಂಡಿದ್ದೆ. ಈಗ ಬರೀರಿ, ಯಾರು ಬೇಡ ಅಂತಾರೆ?" ನಾಯಕರು, ಎದುರಾಳಿ ಇಬ್ಬರಲ್ಲಿ ಗೆದ್ದವರು ಯಾರು ಎಂದು ಊರಿಗೆ ಗೊತ್ತು. ಗೆದ್ದವರಿಗೆ ಊರು ಗೊತ್ತಿದೆಯೇ ಎಂಬುದನ್ನು ಇನ್ನು ಮುಂದೆ ನೋಡಬೇಕು.

ಈಗ ಬಿಸಿಲು ಚೌಕಕ್ಕೆ ಇಳಿದಿದೆ. ನಾಯಕರ ಮೂಗು ಕಡೆಗೂ ತುಕ್ಕಿನಿಂದ ಬಿಡುಗಡೆಯಾಗಿ ನೆಲಕ್ಕೆ ಬಂದಿದೆ. ಎಡಚಕ್ಕ ಮಂಡಿಯೂರಿ ಕೂತು ಅಜ್ಜಿಯ ಸುತ್ತ ಚಾಕು ಆಡಿಸುತ್ತಾಳೆ, ಮೊಣಕೈಯನ್ನೂ ಸೇರಿಸಿಯೇ ಕತ್ತರಿಸುತ್ತಾಳೆ. ಮುಂದಿನ ಸಲಕ್ಕೆ ಬೇಕಾಗಬಹುದು. ಉಳಿದ ನಾಯಕರನ್ನು ಗಂಡ ಮಡಿಸಿ ಗಾಡಿಗೆ ಹಾಕುತ್ತಾನೆ. ಅವರಿಗೆ ಒಬ್ಬ ಹಂದಿ ಸಾಕುವವನು ಕಾದಿದ್ದಾನೆ, ಕೊಟ್ಟಿಗೆಯ ಸೂರು ಸೋರುತ್ತಿದೆಯಂತೆ.

ಏನಾದರೂ ಆಸೆ ಇದೆಯೇ ಎಂದರೆ ಅವಳು ಮೇಲಿನ ಖಾಲಿ ಚೌಕಟ್ಟನ್ನು ನೋಡುತ್ತಾಳೆ. "ಒಂದಿನ ಅಲ್ಲಿ ಅಜ್ಜಿ ಒಬ್ಬಳನ್ನೇ ಹಾಕ್ಬೇಕು. ಪಕ್ಕದಲ್ಲಿ ಯಾರೂ ಬೇಡ. ಸೋಪೂ ಬೇಡ, ಅಕ್ಷರಾನೂ ಬೇಡ. ಜನ ಸುಮ್ನೆ ನೋಡ್ಕೊಂಡು ಹೋಗ್ಲಿ."

ಮನೆಯಲ್ಲಿ ಅತ್ತೆ ತಟ್ಟೆ ಮುಂದಿಟ್ಟುಕೊಂಡು ಆಗಲೇ ಕೂತಿದ್ದಾರೆ. ಎಡಚಕ್ಕ ಕೈತೊಳೆದು ಬಂದು, ಅಭ್ಯಾಸದಂತೆ ಸೌಟನ್ನು ಬಲಗೈಗೆ ತೆಗೆದುಕೊಳ್ಳುತ್ತಾಳೆ. ಸೌಟು ನಡುಗುತ್ತದೆ, ಎರಡು ಹನಿ ನೆಲಕ್ಕೆ ಬೀಳುತ್ತವೆ.

"ಆ ಕೈಲಿ ಯಾಕೆ ಒದ್ದಾಡ್ತೀಯ," ಎನ್ನುತ್ತಾರೆ ಅತ್ತೆ, ತಟ್ಟೆಯಿಂದ ತಲೆಯೆತ್ತದೆ. "ಬರೋ ಕೈಲಿ ಬಡಿಸು. ಊಟ ಆರಿ ಹೋಗುತ್ತೆ."

ಸೊಸೆ ಸೌಟನ್ನು ಎಡಗೈಗೆ ಬದಲಾಯಿಸಿಕೊಳ್ಳುತ್ತಾಳೆ.

"ಇಷ್ಟು ವರ್ಷ ಆರಿದ್ದನ್ನೇ ತಿಂದ್ರಲ್ಲ ಅತ್ತೆ."

"ತಿಂದೆ. ಈಗ ಬಿಸಿದು ಹಾಕು."

ಒಂದು ಹನಿಯೂ ಚೆಲ್ಲುವುದಿಲ್ಲ.